ಮೇಡಂ ಕ್ಯೂರಿಯ ಬಾಳೂ ರಕ್ತದ ಕಥೆಯೂ

ಮೇಡಂ ಕ್ಯೂರಿಯ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಪ್ರೌಢಶಾಲೆಯ ಪಾಠಪುಸ್ತಕದಿಂದ ಹಿಡಿದು ಭಾಷಣ ಸ್ಪರ್ಧೆಯ ವೇದಿಕೆಯವರೆಗೆ ಆಕೆಯ ಕಥೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ರೇಡಿಯಮನ್ನು ಕಂಡುಹಿಡಿದವಳು, ಎರಡು ಸಲ ನೊಬೆಲ್ ಪಾರಿತೋಷಕವನ್ನು ಪಡೆದವಳು, ಕೊನೆಗೆ ತಾನು ಕಂಡ ಬೆಳಕಿಗೇ ಪ್ರಾಣವನ್ನು ತೆತ್ತವಳು ಎಂದು ಹೇಳಿ, ಕರ್ಪೂರದಂತೆ ಉರಿದುಹೋದಳೆಂದು ಮುಗಿಸುವುದು ವಾಡಿಕೆ. ಆದರೆ ಆ ಅದೃಶ್ಯ ಕಿರಣಗಳು ಆಕೆಯ ದೇಹದೊಳಗೆ ಮಾಡಿದ್ದೇನು? ಹೊರಗೆ ಗಾಯವಿಲ್ಲದೆ, ಕಣ್ಣಿಗೆ ಕಾಣುವ ವ್ರಣವಿಲ್ಲದೆ ಒಬ್ಬ ಮನುಷ್ಯನ ರಕ್ತ ಬತ್ತಿಹೋಗುವುದೆಂದರೇನು? ಆಕೆಗೆ ಅದು ತಿಳಿದಿತ್ತೆ? ಆಕೆಯ ಬಾಳನ್ನು ಈ ಪ್ರಶ್ನೆಗಳ ಜೊತೆಗಿಟ್ಟು ನೋಡುವುದೇ ಈ ಲೇಖನದ ಉದ್ದೇಶ. ಕಲಾ ವಿಭಾಗದ ವಾಚಕರಿಗೆ ಇದು ಹೊರಗಿನ ವಿಷಯವೆಂದು ತೋರಬೇಕಾಗಿಲ್ಲ. ರಕ್ತ ಎಲ್ಲರ ಮೈಯಲ್ಲಿಯೂ ಹರಿಯುವಂಥದು.

ಮರಿಯಾ ಸ್ಕ್ಲೊಡೊವ್‌ಸ್ಕ ೧೮೬೭ನೆಯ ಇಸವಿ ನವೆಂಬರ್ ೭ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಐದು ಮಕ್ಕಳಲ್ಲಿ ಕೊನೆಯವಳಾಗಿ ಹುಟ್ಟಿದಳು. ಆಗ ಆ ನಗರ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯ. ತಾಯಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥೆಯಾಗಿದ್ದವಳು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಹಿರಿಯ ಅಕ್ಕನೊಬ್ಬಳು ಟೈಫಸ್ ಜ್ವರದಿಂದ ೧೮೭೬ರಲ್ಲಿಯೂ, ತಾಯಿ ಕ್ಷಯದಿಂದ ೧೮೭೮ರಲ್ಲಿಯೂ ತೀರಿಕೊಂಡರು. ರೋಗಾಣುಗಳ ಎದುರು ಮನುಷ್ಯದೇಹ ಎಷ್ಟು ದುರ್ಬಲವೆಂಬುದನ್ನು ಆ ಹುಡುಗಿ ಹನ್ನೊಂದು ವರ್ಷ ತುಂಬುವ ಮೊದಲೇ ಕಂಡಳು.

ಆ ಕಾಲದಲ್ಲಿ ವಾರ್ಸಾದ ವಿಶ್ವವಿದ್ಯಾನಿಲಯಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಮರಿಯಾ ಮತ್ತು ಆಕೆಯ ಅಕ್ಕ ಬ್ರೋನ್ಯ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ತಂಗಿ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ದುಡಿದು, ಪ್ಯಾರಿಸಿನಲ್ಲಿ ವೈದ್ಯಶಾಸ್ತ್ರ ಓದುವ ಅಕ್ಕನಿಗೆ ಹಣ ಕಳುಹಿಸುವುದು. ಅಕ್ಕನ ಓದು ಮುಗಿದ ಮೇಲೆ ಆಕೆ ತಂಗಿಯನ್ನು ಕರೆಸಿಕೊಳ್ಳುವುದು. ಒಬ್ಬರ ಓದಿಗಾಗಿ ಮನೆಯ ಇನ್ನೊಬ್ಬರು ದುಡಿಯುವುದೆಂದರೇನೆಂದು ನಮ್ಮ ಕಾಲೇಜಿನಲ್ಲಿ ಬಹಳ ಮಂದಿಗೆ ವಿವರಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಕಾದು ೧೮೯೧ರಲ್ಲಿ ಆಕೆ ಪ್ಯಾರಿಸ್ ಸೇರಿದಳು. ಅಟ್ಟದ ಕೋಣೆಯಲ್ಲಿ ಚಳಿ ಹಸಿವುಗಳೊಡನೆ ಓದಿ, ೧೮೯೩ರಲ್ಲಿ ಭೌತಶಾಸ್ತ್ರದ ಪದವಿಯನ್ನು ಮೊದಲನೆಯವಳಾಗಿಯೂ, ಮರುವರ್ಷ ಗಣಿತದ ಪದವಿಯನ್ನು ಎರಡನೆಯವಳಾಗಿಯೂ ಪಡೆದಳು. ೧೮೯೫ರ ಜುಲೈಯಲ್ಲಿ ಪಿಯೇರ್ ಕ್ಯೂರಿ ಎಂಬ ಭೌತವಿಜ್ಞಾನಿಯನ್ನು ಮದುವೆಯಾಗಿ ಮೇರಿ ಕ್ಯೂರಿಯಾದಳು.

ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಮರುವರ್ಷ ಪ್ಯಾರಿಸಿನ ಬೆಕೆರೆಲ್, ಯುರೇನಿಯಂ ಲವಣಗಳು ಯಾವ ಪ್ರೇರಣೆಯೂ ಇಲ್ಲದೆ ತಾವಾಗಿಯೇ ಕಿರಣಗಳನ್ನು ಸೂಸುವುವೆಂದು ತೋರಿಸಿದನು. ಮೇರಿ ಇದನ್ನೇ ತನ್ನ ಸಂಶೋಧನೆಯ ವಿಷಯವನ್ನಾಗಿ ಆರಿಸಿಕೊಂಡಳು. ಪಿಚ್‌ಬ್ಲೆಂಡ್ ಎಂಬ ಅದುರು ತನ್ನಲ್ಲಿರುವ ಯುರೇನಿಯಮ್ಮಿನ ಲೆಕ್ಕಕ್ಕಿಂತ ಹೆಚ್ಚು ಕಿರಣ ಸೂಸುತ್ತಿತ್ತು. ಹಾಗಾದರೆ ಅದರಲ್ಲಿ ಇನ್ನೂ ಅರಿಯದ ಧಾತು ಅಡಗಿರಬೇಕೆಂದು ಆಕೆ ತರ್ಕಿಸಿದಳು. ಗಂಡಹೆಂಡಿರು ಕೂಡಿ ದುಡಿದು ೧೮೯೮ರ ಜುಲೈಯಲ್ಲಿ ಪೊಲೋನಿಯಮನ್ನೂ, ಡಿಸೆಂಬರಿನಲ್ಲಿ ರೇಡಿಯಮನ್ನೂ ಲೋಕಕ್ಕೆ ಸಾರಿದರು. ವಿಕಿರಣಪಟುತ್ವ ಎಂದು ನಾವು ಇಂದು ಕರೆಯುವ ಗುಣಕ್ಕೆ ಫ್ರೆಂಚಿನಲ್ಲಿ ಹೆಸರಿಟ್ಟವರೂ ಅವರೇ.

ಆಮೇಲಿನ ನಾಲ್ಕು ವರ್ಷಗಳ ಕಥೆ ಪ್ರಸಿದ್ಧವಾದುದು. ಬೊಹೀಮಿಯದ ಗಣಿಗಳಿಂದ ಬಂದ ಅದುರಿನ ಕಸವನ್ನು ಟನ್ನುಗಟ್ಟಲೆ ಕುದಿಸಿ, ಕಲಕಿ, ಸೋಸಿ, ಸೋರುವ ಮಾಡಿನ ಒಂದು ಕೊಟ್ಟಿಗೆಯಲ್ಲಿ ಆಕೆ ೧೯೦೨ರ ಹೊತ್ತಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಶುದ್ಧ ರೇಡಿಯಂ ಲವಣವನ್ನು ಬೇರ್ಪಡಿಸಿದಳು. ರಾತ್ರಿಯ ಹೊತ್ತು ದಂಪತಿಗಳು ಅಲ್ಲಿಗೆ ಹೋಗಿ, ಕತ್ತಲೆಯಲ್ಲಿ ಗಾಜಿನ ನಳಿಗೆಗಳು ಮಂದವಾಗಿ ಹೊಳೆಯುವುದನ್ನು ನೋಡಿ ಆನಂದಪಡುತ್ತಿದ್ದರು. ಆಕೆಯ ಬೆರಳ ತುದಿಗಳ ಚರ್ಮ ಗಡುಸಾಗಿ ಬಿರಿಯತೊಡಗಿತು. ಪಿಯೇರ್ ತನ್ನ ತೋಳಿಗೇ ರೇಡಿಯಮನ್ನು ಹಲವು ಗಂಟೆ ಕಟ್ಟಿಕೊಂಡು ನೋಡಿದನು. ಅಲ್ಲಿ ಸುಟ್ಟಂಥ ಗಾಯವಾಗಿ ವಾರಗಟ್ಟಲೆ ಮಾಯಲಿಲ್ಲ. ೧೯೦೧ರಲ್ಲಿ ಅವನೂ ಬೆಕೆರೆಲನೂ ಇದನ್ನು ಪ್ರಕಟಿಸಿದರು. ಆರೋಗ್ಯವಾದ ಮಾಂಸವನ್ನು ಸುಡುವ ವಸ್ತು ಕೆಟ್ಟ ಗಡ್ಡೆಯನ್ನೂ ಸುಡಬಹುದಲ್ಲವೆ ಎಂದು ವೈದ್ಯರು ಯೋಚಿಸಿದರು. ಹೀಗೆ ರೇಡಿಯಮ್ಮಿನಿಂದ ಅರ್ಬುದ ರೋಗದ ಚಿಕಿತ್ಸೆ ಪ್ರಾರಂಭವಾಯಿತು. ಅಪಾಯ ಮತ್ತು ಉಪಕಾರ ಎರಡೂ ಒಂದೇ ಗಾಯದಿಂದ ಹುಟ್ಟಿದುವು.

೧೯೦೩ರಲ್ಲಿ ಬೆಕೆರೆಲ್ ಮತ್ತು ಕ್ಯೂರಿ ದಂಪತಿಗಳಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ೧೯೦೬ರ ಏಪ್ರಿಲ್ ೧೯ರಂದು ಪಿಯೇರ್ ಪ್ಯಾರಿಸಿನ ಬೀದಿಯಲ್ಲಿ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಮಡಿದನು. ಎಂಟು ವರ್ಷದ ಐರೀನ್ ಮತ್ತು ಒಂದೂವರೆ ವರ್ಷ ತುಂಬದ ಈವ್ ಎಂಬ ಇಬ್ಬರು ಹೆಣ್ಣುಮಕ್ಕಳೊಡನೆ ಉಳಿದ ಮೇರಿ, ಗಂಡನ ಬೋಧನಾ ಕಾರ್ಯವನ್ನು ವಹಿಸಿಕೊಂಡು ಸೋರ್ಬಾನಿನಲ್ಲಿ ಪಾಠ ಹೇಳಿದ ಮೊದಲ ಮಹಿಳೆಯಾದಳು. ೧೯೧೧ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಆಕೆಯೊಬ್ಬಳಿಗೇ ಸಂದಿತು. ಅದೇ ವರ್ಷ ಫ್ರೆಂಚ್ ವಿಜ್ಞಾನ ಅಕಾಡೆಮಿ ಅತ್ಯಲ್ಪ ಮತಗಳ ಅಂತರದಿಂದ ಆಕೆಗೆ ಸದಸ್ಯತ್ವವನ್ನು ನಿರಾಕರಿಸಿತ್ತೆಂಬುದನ್ನೂ ಮರೆಯಬಾರದು.

ಈ ಗೌರವಗಳ ವರ್ಷಗಳಲ್ಲಿಯೇ ಹೆಚ್ಚು ಸದ್ದಿಲ್ಲದೆ ಮತ್ತೊಂದು ಬಗೆಯ ಸಂಶೋಧನೆ ನಡೆಯುತ್ತಿತ್ತು. ಜರ್ಮನಿಯ ಹೈನೆಕೆ ಎಂಬ ವೈದ್ಯನು ಪ್ರಾಣಿಗಳಿಗೆ ಕ್ಷ-ಕಿರಣಗಳನ್ನು ಹಾಯಿಸಿ ೧೯೦೩ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಪರೀಕ್ಷಿಸಿದಾಗ, ಚರ್ಮದಲ್ಲಿ ಏನೂ ಕಾಣದಿದ್ದರೂ ಗುಲ್ಮ, ಹಾಲುರಸದ ಗಂಟುಗಳು ಮತ್ತು ಮೂಳೆಯೊಳಗಿನ ಮಜ್ಜೆ ಬಹುಬೇಗ ನಾಶವಾಗಿರುವುದನ್ನು ಕಂಡನು. ೧೯೦೬ರಲ್ಲಿ ಫ್ರಾನ್ಸಿನ ಬೆರ್ಗೋನಿಯೇ ಮತ್ತು ತ್ರಿಬೊಂದೋ ಎಂಬುವರು ಇದಕ್ಕೆ ಒಂದು ಸೂತ್ರವನ್ನು ಹೇಳಿದರು: ಯಾವ ಜೀವಕೋಶಗಳು ಬೇಗಬೇಗ ಒಡೆದು ಎರಡಾಗುತ್ತಿರುವುವೊ, ಯಾವುವು ಇನ್ನೂ ಬಲಿತು ಪೂರ್ಣರೂಪವನ್ನು ತಾಳಿಲ್ಲವೊ, ಅವೇ ಕಿರಣಗಳಿಗೆ ಮೊದಲು ಬಲಿಯಾಗುವುವು. ಅರ್ಬುದದ ಗಡ್ಡೆ ಕಿರಣಕ್ಕೆ ಕರಗುವುದೂ ಈ ಕಾರಣದಿಂದಲೇ. ಮಜ್ಜೆ ಕರಗುವುದೂ ಈ ಕಾರಣದಿಂದಲೇ.

ಮಜ್ಜೆಯ ಮಹತ್ವವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆಗಳ ಒಳಗಿನ ಕೆಂಪು ಮಜ್ಜೆಯೇ ನಮ್ಮ ರಕ್ತದ ತವರು. ಅಲ್ಲಿ ಮೂಲಕೋಶಗಳೆಂಬ ಕೆಲವೇ ಜೀವಕೋಶಗಳಿವೆ. ಅವು ಒಡೆದೊಡೆದು ಅವುಗಳ ಸಂತತಿಯಿಂದಲೇ ಉಸಿರನ್ನು ಹೊರುವ ಕೆಂಪು ಕಣಗಳು, ರಕ್ತವನ್ನು ಹೆಪ್ಪುಗಟ್ಟಿಸುವ ಕಣಿಕೆಗಳು, ರೋಗಾಣುಗಳೊಡನೆ ಹೋರಾಡುವ ಬಿಳಿ ಕಣಗಳು ಎಲ್ಲವೂ ಹುಟ್ಟುತ್ತವೆ. ಕೆಂಪು ಕಣಗಳೇ ದಿನವೊಂದಕ್ಕೆ ಸುಮಾರು ೨೦,೦೦೦ ಕೋಟಿ ಹುಟ್ಟಬೇಕು. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ಕಣಿಕೆಯದು ಎಂಟು ಹತ್ತು ದಿನ. ಕೀವಿನಲ್ಲಿ ಕಾಣುವ ಬಗೆಯ ಬಿಳಿ ಕಣ ರಕ್ತದಲ್ಲಿ ಇರುವುದು ಬಹಳ ಕಡಮೆ ಕಾಲ.

ನಮ್ಮ ರೈತರ ಸಸಿಮಡಿಯನ್ನು ನೆನೆದರೆ ಈ ವಿಷಯ ಸುಲಭವಾಗಿ ಮನಸ್ಸಿಗೆ ಬರುತ್ತದೆ. ನಾಟಿಯಾದ ಗದ್ದೆ ಹಸುರಾಗಿಯೇ ಇರಬಹುದು. ಆದರೆ ಸಸಿಮಡಿ ಸುಟ್ಟುಹೋದರೆ ಮುಂದೆ ನಾಟಿಗೆ ಪೈರಿಲ್ಲ. ವಿಕಿರಣ ತಗುಲಿದವನು ಮೊದಲ ಕೆಲವು ದಿನ ಚೆನ್ನಾಗಿಯೇ ಇರುವಂತೆ ತೋರುವುದು ಇದರಿಂದಲೇ. ರಕ್ತದಲ್ಲಿರುವ ಹಳೆಯ ಕಣಗಳು ತಮ್ಮ ಆಯುಸ್ಸನ್ನು ಕಳೆಯುತ್ತಿರುತ್ತವೆ. ಅವುಗಳ ಸ್ಥಾನಕ್ಕೆ ಬರಬೇಕಾದವು ಮಾತ್ರ ಹುಟ್ಟಿರುವುದಿಲ್ಲ. ಹೆಚ್ಚಿನ ಪ್ರಮಾಣದ ವಿಕಿರಣ ಒಮ್ಮೆಲೇ ತಗುಲಿದರೆ ಎರಡು ಮೂರು ವಾರಗಳಲ್ಲಿ ಬಿಳಿ ಕಣಗಳೂ ಕಣಿಕೆಗಳೂ ಕುಸಿದು, ಸಾಮಾನ್ಯ ರೋಗಾಣುವೂ ಪ್ರಾಣಾಂತಕವಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ತಗುಲಿದರೆ ಸಸಿಮಡಿ ನಿಧಾನವಾಗಿ ಬರಡಾಗುತ್ತ ಬರುತ್ತದೆ.

ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬ ಒಂದು ಜಾತಿಯಿದೆ. ಹಿಂದೆ ಬಂದ ರೋಗವನ್ನು ನೆನಪಿಟ್ಟುಕೊಂಡು ಮತ್ತೆ ಬಂದಾಗ ಗುರುತಿಸುವುದು ಇದರ ಕೆಲಸ. ದೇವಿ ಹಾಕಿಸುವುದರ ಫಲವೂ ಇದರಿಂದಲೇ. ಇದರಲ್ಲಿ ಒಂದು ಬಗೆ ಮಜ್ಜೆಯಲ್ಲಿಯೇ ಬೆಳೆಯುತ್ತದೆ. ಇನ್ನೊಂದು ಬಗೆ ಮಜ್ಜೆಯಿಂದ ಹೊರಟು ಎದೆಗೂಡಿನ ಥೈಮಸ್ ಗ್ರಂಥಿಗೆ ಹೋಗಿ ಅಲ್ಲಿ ಪಳಗುತ್ತದೆ. ಲಿಂಫೋಸೈಟಿನ ಬೆಳವಣಿಗೆಯಲ್ಲಿ ಒಂದು ವಿಚಿತ್ರವಿದೆ. ಲೆಕ್ಕವಿಲ್ಲದಷ್ಟು ಬಗೆಯ ರೋಗಾಣುಗಳನ್ನು ಗುರುತಿಸಬೇಕಾದುದರಿಂದ, ಬೆಳೆಯುವ ಹಂತದಲ್ಲಿ ಅದು ತನ್ನ ಡಿ.ಎನ್.ಎ. ಎಳೆಯನ್ನು ತಾನೇ ಅಲ್ಲಲ್ಲಿ ಕತ್ತರಿಸಿ ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ವಿಕಿರಣವೂ ಮಾಡುವುದು ಡಿ.ಎನ್.ಎ.ಯನ್ನು ತುಂಡರಿಸುವ ಕೆಲಸವನ್ನೇ, ಆದರೆ ಗೊತ್ತುಗುರಿಯಿಲ್ಲದೆ. ತುಂಡುಗಳನ್ನು ಜೋಡಿಸಲು ಜೀವಕೋಶಕ್ಕಿರುವ ಉಪಕರಣ ಎರಡು ಕಡೆಯೂ ಬಹುಮಟ್ಟಿಗೆ ಒಂದೇ. ಆದುದರಿಂದಲೇ ಹುಟ್ಟಿನಿಂದ ಈ ಉಪಕರಣದಲ್ಲಿ ದೋಷವಿರುವ ಕೆಲವು ಶಿಶುಗಳಲ್ಲಿ ಲಿಂಫೋಸೈಟುಗಳೂ ಬೆಳೆಯುವುದಿಲ್ಲ, ವಿಕಿರಣವನ್ನೂ ಅವರ ಮೈ ತಾಳುವುದಿಲ್ಲ. ಬಲಿತು ಸುಮ್ಮನಿರುವ ಲಿಂಫೋಸೈಟು ಕೂಡ, ಮೇಲೆ ಹೇಳಿದ ಸೂತ್ರವನ್ನು ಮೀರಿ, ಕಿರಣಕ್ಕೆ ಬಹು ಬೇಗ ಸಾಯುತ್ತದೆ. ವಿಕಿರಣ ತಗುಲಿದ ಒಂದೆರಡು ದಿನಗಳಲ್ಲಿ ಇವುಗಳ ಸಂಖ್ಯೆ ಎಷ್ಟು ಇಳಿಯಿತೆಂಬುದರಿಂದಲೇ ವೈದ್ಯರು ಇಂದು ತಗುಲಿದ ಪ್ರಮಾಣವನ್ನು ಅಂದಾಜು ಮಾಡುತ್ತಾರೆ.

ಮೇರಿ ಕ್ಯೂರಿಯ ಬಾಳಿನ ಎಲ್ಲಕ್ಕಿಂತ ಹೆಚ್ಚಿನ ಸೇವೆಯೂ, ಬಹುಶಃ ಎಲ್ಲಕ್ಕಿಂತ ಹೆಚ್ಚಿನ ಅಪಾಯವೂ ೧೯೧೪ರಲ್ಲಿ ಮಹಾಯುದ್ಧದೊಡನೆ ಬಂದುವು. ಗಾಯಾಳುಗಳ ಮೈಯಲ್ಲಿ ಗುಂಡು ಎಲ್ಲಿದೆ, ಮೂಳೆ ಎಲ್ಲಿ ಮುರಿದಿದೆ ಎಂಬುದು ತಿಳಿಯದೆ ಶಸ್ತ್ರವೈದ್ಯರು ತಡಕಾಡುತ್ತಿದ್ದರು. ಆಕೆ ಮೋಟಾರು ಗಾಡಿಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಅಳವಡಿಸಿ ಯುದ್ಧರಂಗದ ಆಸ್ಪತ್ರೆಗಳಿಗೆ ಕೊಂಡೊಯ್ದಳು. ಸೈನಿಕರು ಆ ಗಾಡಿಗಳನ್ನು ಚಿಕ್ಕ ಕ್ಯೂರಿಗಳೆಂದು ಕರೆದರು. ಸುಮಾರು ೨೦ ಗಾಡಿಗಳೂ ೨೦೦ ಸ್ಥಿರ ಕೇಂದ್ರಗಳೂ ಆಕೆಯ ಪ್ರಯತ್ನದಿಂದ ಸಿದ್ಧವಾದುವು. ಹತ್ತು ಲಕ್ಷಕ್ಕೂ ಮೀರಿ ಗಾಯಾಳುಗಳು ಇವುಗಳ ಪ್ರಯೋಜನ ಪಡೆದರೆಂದು ಲೆಕ್ಕ. ಆಕೆ ತಾನೇ ಗಾಡಿ ಓಡಿಸಲು ಕಲಿತಳು. ಸುಮಾರು ೧೫೦ ಮಂದಿ ಹೆಂಗಸರಿಗೆ ಯಂತ್ರ ನಡೆಸುವ ತರಬೇತಿ ಕೊಟ್ಟಳು. ಹದಿಹರೆಯದ ಮಗಳು ಐರೀನಳನ್ನೂ ಜೊತೆಗೆ ಕರೆದೊಯ್ದಳು. ಆ ಯಂತ್ರಗಳಿಗೆ ಇಂದಿನಂಥ ಕವಚವಿರಲಿಲ್ಲ. ಗಾಯಾಳುವಿನ ಮೇಲೆ ಬಿದ್ದ ಕಿರಣ ಚೆದರಿ, ಪಕ್ಕದಲ್ಲಿ ನಿಂತವರ ಮೂಳೆಗಳನ್ನೂ ದಿನವೂ ಹಾಯ್ದುಹೋಗುತ್ತಿತ್ತು.

ಯುದ್ಧ ಮುಗಿದ ಮೇಲೆ ಆಕೆ ಪ್ಯಾರಿಸಿನ ರೇಡಿಯಂ ಸಂಸ್ಥೆಯನ್ನು ಬೆಳೆಸಿದಳು. ಅಲ್ಲಿನ ಒಂದು ವಿಭಾಗದಲ್ಲಿ ಆಕೆಯ ಭೌತ ಮತ್ತು ರಸಾಯನ ಸಂಶೋಧನೆ. ಇನ್ನೊಂದರಲ್ಲಿ ಕ್ಲಾಡಿಯಸ್ ರೆಗೊ ಎಂಬ ವೈದ್ಯನ ಅರ್ಬುದ ಚಿಕಿತ್ಸೆ. ಕಿರಣವನ್ನು ಒಮ್ಮೆಲೇ ಕೊಡದೆ ಕಂತುಗಳಲ್ಲಿ ಕೊಟ್ಟರೆ ಆರೋಗ್ಯವಾದ ಅಂಗಾಂಶ ಹೆಚ್ಚು ಉಳಿಯುವುದೆಂದು ರೆಗೊ ತೋರಿಸಿದನು. ಇಂದಿಗೂ ಆಸ್ಪತ್ರೆಗಳಲ್ಲಿ ವಾರಗಟ್ಟಲೆ ಕಂತುಗಳಲ್ಲಿ ವಿಕಿರಣ ಕೊಡುವ ಪದ್ಧತಿಗೆ ಅಲ್ಲಿನ ಕೆಲಸವೂ ಒಂದು ಬುನಾದಿ. ೧೯೨೧ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಒಂದು ಗ್ರಾಂ ರೇಡಿಯಮನ್ನು ಆಕೆಗೆ ಕಾಣಿಕೆ ಕೊಟ್ಟರು. ಅದರ ಬೆಲೆ ಆಗ ಒಂದು ಲಕ್ಷ ಡಾಲರು. ರೇಡಿಯಂ ತಯಾರಿಸುವ ವಿಧಾನದ ಹಕ್ಕನ್ನು ಸ್ವಂತಕ್ಕೆ ಇಟ್ಟುಕೊಳ್ಳದಿದ್ದ ಆಕೆಗೆ ಸ್ವಂತ ಪ್ರಯೋಗಶಾಲೆಗೆ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ.

ಈ ಹೊತ್ತಿಗೆ ಕೆಟ್ಟ ಸುದ್ದಿಗಳು ಒಂದೊಂದಾಗಿ ಬರತೊಡಗಿದ್ದುವು. ಅಮೆರಿಕದ ನ್ಯೂಜರ್ಸಿಯಲ್ಲಿ ಗಡಿಯಾರದ ಮುಖಕ್ಕೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಹಾಗೆ ಒಳಗೆ ಹೋದ ರೇಡಿಯಂ, ಸುಣ್ಣದ ಸತ್ವವಾದ ಕ್ಯಾಲ್ಸಿಯಮ್ಮಿನ ಬಂಧುವಾದುದರಿಂದ, ಮೂಳೆಯಲ್ಲಿಯೇ ಮನೆಮಾಡಿತು. ಮಜ್ಜೆಗೆ ಅಂಟಿದಂತೆಯೇ ಕುಳಿತು ಹಗಲಿರುಳು ಕಿರಣ ಸೂಸಿತು. ಅವರಿಗೆ ದವಡೆ ಕೊಳೆಯಿತು, ರಕ್ತ ಬತ್ತಿತು. ೧೯೨೫ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯನು ಇದರ ಕಾರಣವನ್ನು ಬಯಲಿಗೆಳೆದನು. ಫ್ರಾನ್ಸಿನಲ್ಲಿಯೂ ವಿಕಿರಣ ಪದಾರ್ಥಗಳನ್ನು ತಯಾರಿಸುತ್ತಿದ್ದ ಇಬ್ಬರು ಎಂಜಿನಿಯರರು ಅದೇ ವರ್ಷ ಸತ್ತರು. ಫ್ರೆಂಚ್ ವೈದ್ಯ ಅಕಾಡೆಮಿ ಒಂದು ಸಮಿತಿಯನ್ನು ನೇಮಿಸಿತು. ಇಂಥ ಕಾರ್ಖಾನೆಗಳಲ್ಲಿ ಸೀಸದ ತಡೆಗಳಿರಬೇಕು, ಕೆಲಸಗಾರರ ರಕ್ತಕಣಗಳನ್ನು ಆಗಾಗ ಎಣಿಸಿ ನೋಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಆ ಸಮಿತಿಯ ಸದಸ್ಯರಲ್ಲಿ ಮೇರಿ ಕ್ಯೂರಿಯೂ ಒಬ್ಬಳು.

ಇಲ್ಲಿಯೇ ಆಕೆಯ ಬಾಳಿನ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ರಕ್ತದ ಎಣಿಕೆ ಅಪಾಯವನ್ನು ಮುಂಚಿತವಾಗಿ ಹೇಳುವ ಗಂಟೆಯೆಂದು ಆಕೆಗೆ ಗೊತ್ತಿತ್ತು. ಆಕೆಯ ಸಂಸ್ಥೆಯಲ್ಲಿಯೂ ಕೆಲಸಗಾರರ ರಕ್ತ ಪರೀಕ್ಷೆ ನಡೆಯುತ್ತಿತ್ತು. ಶಿಷ್ಯರು ನಳಿಗೆಗಳನ್ನು ಚಿಮಟಿಗೆಯಿಂದಲೇ ಹಿಡಿಯಬೇಕು, ಸೀಸದ ಮರೆಯಲ್ಲಿಯೇ ಕೆಲಸ ಮಾಡಬೇಕು ಎಂದು ಆಕೆ ಕಟ್ಟುನಿಟ್ಟು ಮಾಡುತ್ತಿದ್ದಳು. ಆ ಕಟ್ಟುನಿಟ್ಟನ್ನು ತನಗೆ ಮಾತ್ರ ಅನ್ವಯಿಸಿಕೊಳ್ಳಲಿಲ್ಲ. ಕಾರ್ಖಾನೆಯಲ್ಲಿರುವಷ್ಟು ಅಪಾಯ ಸಂಶೋಧನಾಲಯದಲ್ಲಿಲ್ಲ, ಶುದ್ಧವಾದ ಗಾಳಿಯಲ್ಲಿ ತಿರುಗಾಡಿದರೆ ರಕ್ತ ಮರಳಿ ಕೂಡುತ್ತದೆ ಎಂಬುದು ಆಕೆಯ ನಂಬಿಕೆಯಾಗಿತ್ತು. ಕಣ್ಣಿಗೆ ಪೊರೆ ಬಂದು ಹಲವು ಸಲ ಶಸ್ತ್ರಚಿಕಿತ್ಸೆಯಾಯಿತು. ಅದನ್ನೂ ಆದಷ್ಟು ಗುಟ್ಟಾಗಿಟ್ಟಳು. ತಾನು ಹೆತ್ತ ಮಗುವಿನಂಥ ರೇಡಿಯಂ ತನಗೇ ಕೇಡು ಬಗೆಯುವುದೆಂದು ಒಪ್ಪಲು ಮನಸ್ಸು ಹಿಂದೆಗೆದಿರಬೇಕು.

೧೯೩೪ರ ಜನವರಿಯಲ್ಲಿ ಐರೀನ್ ಮತ್ತು ಆಕೆಯ ಪತಿ ಫ್ರೆಡರಿಕ್ ಜೋಲಿಯೋ ಕೃತಕ ವಿಕಿರಣಪಟುತ್ವವನ್ನು ಕಂಡುಹಿಡಿದುದನ್ನು ನೋಡುವ ಭಾಗ್ಯ ತಾಯಿಗೆ ದೊರೆಯಿತು. ಆ ವರ್ಷದ ಮೇ ತಿಂಗಳಲ್ಲಿ ಒಂದು ದಿನ ಜ್ವರವೆಂದು ಪ್ರಯೋಗಶಾಲೆಯನ್ನು ಬೇಗ ಬಿಟ್ಟವಳು ಮತ್ತೆ ಅಲ್ಲಿಗೆ ಬರಲಿಲ್ಲ. ವೈದ್ಯರು ಮೊದಲು ಕ್ಷಯವೆಂದು ಶಂಕಿಸಿ ಆಲ್ಪ್ಸ್ ಪರ್ವತದ ಸಾನ್ಸೆಲ್ಮೋಸ್ ಆರೋಗ್ಯಧಾಮಕ್ಕೆ ಕಳುಹಿಸಿದರು. ಅಲ್ಲಿ ನೋಡಿದರೆ ಶ್ವಾಸಕೋಶಗಳು ಶುದ್ಧವಾಗಿದ್ದುವು. ರಕ್ತವನ್ನು ಪರೀಕ್ಷಿಸಿದಾಗ ಕೆಂಪು ಕಣಗಳೂ ಬಿಳಿ ಕಣಗಳೂ ಒಟ್ಟಿಗೆ ಕುಸಿಯುತ್ತಿದ್ದುವು. ಸಸಿಮಡಿ ಬರಡಾಗಿತ್ತು. ಜುಲೈ ೪ರಂದು ತನ್ನ ೬೬ನೆಯ ವಯಸ್ಸಿನಲ್ಲಿ ಆಕೆ ಮಜ್ಜೆ ಬತ್ತಿದ ರಕ್ತಹೀನತೆಯಿಂದ ತೀರಿಕೊಂಡಳು. ತಾಯಿಯನ್ನು ಕೊಂದ ರೋಗವೇ ತನ್ನನ್ನೂ ಹಿಡಿಯಿತೆಂಬ ಮೊದಲ ಶಂಕೆ ಸುಳ್ಳಾಯಿತು. ಆಕೆಯನ್ನು ಕೊಂದದ್ದು ಹೊರಗಿನಿಂದ ಬಂದ ರೋಗಾಣುವಲ್ಲ; ರೋಗಾಣುವನ್ನು ತಡೆಯುವ ಪಡೆಯ ಹುಟ್ಟೇ ನಿಂತುಹೋದದ್ದು.

ರೇಡಿಯಂ ಆಕೆಯನ್ನು ಕೊಂದಿತೆಂದು ನಾವು ಸುಲಭವಾಗಿ ಹೇಳುತ್ತೇವೆ. ೧೯೯೫ರಲ್ಲಿ ಆಕೆಯ ಮತ್ತು ಪಿಯೇರನ ಅವಶೇಷಗಳನ್ನು ಪ್ಯಾರಿಸಿನ ಪಾಂಥಿಯಾನಿಗೆ ಸಾಗಿಸುವಾಗ ಫ್ರೆಂಚ್ ಸರ್ಕಾರದ ವಿಕಿರಣ ರಕ್ಷಣಾ ಇಲಾಖೆಯವರು ಅಳೆದು ನೋಡಿದರು. ಆಕೆಯ ಅವಶೇಷಗಳಲ್ಲಿ ರೇಡಿಯಮ್ಮಿನ ಅಂಶ ಅವರು ನಿರೀಕ್ಷಿಸಿದುದಕ್ಕಿಂತ ಬಹಳ ಕಡಮೆಯಾಗಿತ್ತು. ಆಕೆಯ ರೋಗಕ್ಕೆ ರೇಡಿಯಮ್ಮಿಗಿಂತ ಯುದ್ಧಕಾಲದ ಕ್ಷ-ಕಿರಣಗಳೇ ಹೆಚ್ಚು ಕಾರಣವಿರಬಹುದೆಂದು ಅವರು ಅಭಿಪ್ರಾಯಪಟ್ಟರು. ಇದು ನಿಜವಾದರೆ, ಆಕೆಯ ಮಜ್ಜೆಯನ್ನು ಸುಟ್ಟದ್ದು ಕೀರ್ತಿ ತಂದ ಸಂಶೋಧನೆಗಿಂತ ಹೆಚ್ಚಾಗಿ ಹೆಸರಿಲ್ಲದ ಸೈನಿಕರಿಗಾಗಿ ಮಾಡಿದ ದುಡಿಮೆ.

ಆಕೆ ಸತ್ತ ಮೇಲೆ ಮಜ್ಜೆಯ ರಹಸ್ಯ ಬಹುಬೇಗ ಬಿಚ್ಚಿಕೊಂಡಿತು. ಅದರ ಹಿಂದೆ ಘೋರವಾದ ಕಾರಣವಿತ್ತು. ೧೯೪೫ರ ಆಗಸ್ಟಿನಲ್ಲಿ ಹಿರೋಷಿಮಾ ಮತ್ತು ನಾಗಸಾಕಿಗಳಲ್ಲಿ ಸ್ಫೋಟದಿಂದ ಉಳಿದವರು ವಾರಗಳ ಬಳಿಕ ಕೂದಲುದುರಿ, ರಕ್ತ ಸುರಿದು, ಸೋಂಕು ತಗುಲಿ ಸತ್ತರು. ಬದುಕಿ ಉಳಿದವರಲ್ಲಿ ರಕ್ತದ ಅರ್ಬುದ ಹೆಚ್ಚಿತು. ದಶಕಗಳ ಮೇಲೆ ಪರೀಕ್ಷಿಸಿದಾಗಲೂ, ಹೆಚ್ಚು ವಿಕಿರಣ ತಗುಲಿದವರಲ್ಲಿ ಥೈಮಸ್ಸಿನಿಂದ ಬರುವ ಹೊಸ ಲಿಂಫೋಸೈಟುಗಳು ಕಡಮೆಯಾಗಿದ್ದುವು. ೧೯೪೯ರಲ್ಲಿ ಅಮೆರಿಕದ ಜೇಕಬ್‌ಸನ್, ಇಲಿಗಳ ಗುಲ್ಮವೊಂದನ್ನು ಸೀಸದಿಂದ ಮುಚ್ಚಿ ಉಳಿದ ಮೈಗೆ ಮಾರಕ ಪ್ರಮಾಣದ ಕಿರಣ ಹಾಯಿಸಿದರೂ ಅವು ಬದುಕುವುದನ್ನು ಕಂಡನು. ೧೯೬೧ರಲ್ಲಿ ಕೆನಡದ ಟಿಲ್ ಮತ್ತು ಮೆಕಲಕ್ ಎಂಬುವರು, ಮಜ್ಜೆ ಸತ್ತ ಇಲಿಗೆ ಬೇರೆ ಇಲಿಯ ಮಜ್ಜೆಯನ್ನು ಹಾಕಿದಾಗ ಗುಲ್ಮದಲ್ಲಿ ಗಂಟು ಗಂಟಾಗಿ ರಕ್ತದ ಮೊಳಕೆಗಳೆದ್ದುದನ್ನು ಎಣಿಸಿ ಮೂಲಕೋಶಗಳ ಇರವನ್ನು ತೋರಿಸಿಕೊಟ್ಟರು.

ಈ ಕಥೆಯಲ್ಲಿ ಒಂದು ಘಟನೆ ಮೇರಿಯ ಹೆಸರಿನೊಡನೆಯೇ ಬೆಸೆದುಕೊಂಡಿದೆ. ೧೯೫೮ರ ಅಕ್ಟೋಬರಿನಲ್ಲಿ ಯುಗೊಸ್ಲಾವಿಯದ ವಿಂಚಾ ಎಂಬಲ್ಲಿ ಪರಮಾಣು ಸ್ಥಾವರದಲ್ಲಿ ಅಪಘಾತವಾಗಿ ಆರು ಮಂದಿಗೆ ಭಾರಿ ವಿಕಿರಣ ತಗುಲಿತು. ಅವರನ್ನು ವಿಮಾನದಲ್ಲಿ ಪ್ಯಾರಿಸಿಗೆ, ಕ್ಯೂರಿಯ ಹೆಸರಿನ ಆಸ್ಪತ್ರೆಗೇ ಕರೆತಂದರು. ಜಾರ್ಜ್ ಮಾತೆ ಎಂಬ ವೈದ್ಯನು ಅವರಲ್ಲಿ ಐವರಿಗೆ, ಗುರುತುಪರಿಚಯವಿಲ್ಲದ ಫ್ರೆಂಚ್ ದಾನಿಗಳು ಕೊಟ್ಟ ಮಜ್ಜೆಯನ್ನು ಸೇರಿಸಿದನು. ಒಬ್ಬನು ತೀರಿಕೊಂಡನು, ಉಳಿದವರು ಬದುಕಿದರು. ಆ ಮಜ್ಜೆ ಅವರಲ್ಲಿ ಶಾಶ್ವತವಾಗಿ ಬೇರೂರಲಿಲ್ಲ. ಕ್ರಮೇಣ ಅವರ ಸ್ವಂತ ಮಜ್ಜೆಯೇ ಚೇತರಿಸಿಕೊಂಡಿತು. ಆದರೂ ಮನುಷ್ಯನಿಂದ ಮನುಷ್ಯನಿಗೆ ರಕ್ತದ ಬೀಜವನ್ನೇ ದಾನಮಾಡುವ ಹಾದಿ ಅಲ್ಲಿಂದ ಸ್ಪಷ್ಟವಾಯಿತು. ಮಜ್ಜೆಯ ಕಸಿಯನ್ನು ಚಿಕಿತ್ಸೆಯಾಗಿ ನೆಲೆಗೊಳಿಸಿದ ಅಮೆರಿಕದ ಡೊನಾಲ್ ಥಾಮಸ್‌ಗೆ ೧೯೯೦ರಲ್ಲಿ ನೊಬೆಲ್ ಬಂದಿತು. ಇಂದು ರಕ್ತದ ಅರ್ಬುದವುಳ್ಳ ಎಷ್ಟೋ ರೋಗಿಗಳಲ್ಲಿ ರೋಗಿಷ್ಠ ಮಜ್ಜೆಯನ್ನು ಬೇಕೆಂದೇ ವಿಕಿರಣದಿಂದ ಸುಟ್ಟು, ಹೊಸ ಮೂಲಕೋಶಗಳನ್ನು ಬಿತ್ತುತ್ತಾರೆ. ಮೇರಿಯನ್ನು ಬಲಿತೆಗೆದುಕೊಂಡ ಶಕ್ತಿಯೇ ಅಳತೆಗೆ ಒಳಪಟ್ಟು ಪ್ರಾಣವನ್ನುಳಿಸುವ ಸಾಧನವಾಗಿದೆ.

ಐರೀನ್ ತಾಯಿಯ ಹಾದಿಯಲ್ಲಿಯೇ ನಡೆದು ೧೯೫೬ರಲ್ಲಿ ೫೮ನೆಯ ವಯಸ್ಸಿನಲ್ಲಿ ರಕ್ತದ ಅರ್ಬುದದಿಂದ ಮಡಿದಳು. ತಾಯಿಯ ಚರಿತ್ರೆಯನ್ನು ಬರೆದ ಕಿರಿಯ ಮಗಳು ಈವ್ ಪ್ರಯೋಗಶಾಲೆಯ ಕಡೆಗೆ ಹೋಗದೆ, ೧೦೨ ವರ್ಷ ಬಾಳಿ ೨೦೦೭ರಲ್ಲಿ ತೀರಿಕೊಂಡಳು. ಮೇರಿಯ ಟಿಪ್ಪಣಿ ಪುಸ್ತಕಗಳನ್ನು ಇಂದಿಗೂ ಸೀಸದ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ. ಅವುಗಳಿಗಂಟಿದ ರೇಡಿಯಂ ಅರ್ಧಕ್ಕಿಳಿಯಬೇಕಾದರೆ ೧,೬೦೦ ವರ್ಷಗಳು ಬೇಕು.

ಮೇಡಂ ಕ್ಯೂರಿಯನ್ನು ಕರ್ಪೂರಕ್ಕೆ ಹೋಲಿಸುವುದು ಆಕೆಗೆ ಪೂರ್ಣ ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಕರ್ಪೂರಕ್ಕೆ ತಾನು ಉರಿಯುತ್ತಿರುವುದು ತಿಳಿಯದು. ಆಕೆ ಕಾಣದುದನ್ನು ಅಳೆದು ಲೋಕಕ್ಕೆ ತೋರಿಸಿದವಳು. ತನ್ನ ರಕ್ತದಲ್ಲಿ ಆಗುತ್ತಿದ್ದುದನ್ನೂ ಅಳೆಯಬಲ್ಲವಳಾಗಿದ್ದಳು. ಆಕೆಯ ತ್ಯಾಗವನ್ನು ಹೊಗಳಿ ಸುಮ್ಮನಾದರೆ, ಮುಂದಿನವರೂ ಹಾಗೆಯೇ ಉರಿದುಹೋಗಲಿ ಎಂದು ಹೇಳಿದಂತಾದೀತು. ಆಕೆ ಶಿಷ್ಯರಿಗೆ ವಿಧಿಸಿದ ನಿಯಮವನ್ನೇ ನಾವು ಆಕೆಯ ನಿಜವಾದ ಉಪದೇಶವೆಂದು ಸ್ವೀಕರಿಸಬೇಕು. ಈಗ ಇಂಥ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್ ಮೀರಕೂಡದೆಂಬ ಮಿತಿಯಿದೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವರ ಎದೆಯ ಮೇಲೆ ಒಂದು ಚಿಕ್ಕ ಬಿಲ್ಲೆಯನ್ನು ನಾವು ಕಂಡಿರಬಹುದು; ಅವರ ಮೈಗೆ ತಗುಲಿದ ವಿಕಿರಣವನ್ನು ಅದು ಮೌನವಾಗಿ ಲೆಕ್ಕವಿಡುತ್ತದೆ. ವಿಕಿರಣ ಚಿಕಿತ್ಸೆ ಪಡೆಯುವ ರೋಗಿಯ ಬೆರಳನ್ನೋ ತೋಳನ್ನೋ ಚುಚ್ಚಿ ಆಗಾಗ ರಕ್ತಕಣಗಳನ್ನು ಎಣಿಸುವುದೂ ಅದೇ ಲೆಕ್ಕ. ಆ ಎಣಿಕೆ ನಡೆಯುವಲ್ಲೆಲ್ಲ ಮೇಡಂ ಕ್ಯೂರಿಯ ಸ್ಮರಣೆ ನಡೆಯುತ್ತಿದೆಯೆಂದೇ ತಿಳಿಯಬೇಕು.